ನಿನ್ನೆ ಬಂದ ಕೇಕಿಗೆ ಮುತ್ತೈದೆಯರ ಕಾವಲು

ನಮ್ಮ ಇಟ್ಟಿಗಿಯ ಅಂಜಿನಕ್ಕನ ಹೆಸರು ಹೇಳಿದರೆ ಸುತ್ತಲಿನ ಊರಿನವರಿಗೆ ಮೊದಲು ನೆನಪಾಗುವುದು ರೊಟ್ಟಿ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಹಿಂದಿನ ವಾರವೇ ಅವಳ ಅಂಗಳಕ್ಕೆ ಜೋಳದ ಹಿಟ್ಟಿನ ಚೀಲ ಬಂದು ಬೀಳುತ್ತದೆ. ಅವಳು ಒಲೆಯ ಮುಂದೆ ಕೂತು ತಟ್ಟತೊಡಗಿದರೆ ಆ ಸದ್ದು ಓಣಿಯ ಆಚೆ ತುದಿಗೆ ಕೇಳಬೇಕು. ಹಪ್ಪಳದಷ್ಟು ತೆಳ್ಳಗೆ, ಮುರಿದರೆ ಚಟಕ್ಕೆನ್ನಬೇಕು. ಆ ರೊಟ್ಟಿಯನ್ನು ಬೇಡವೆಂದು ಎದ್ದ ಬೀಗನನ್ನು ನಾನು ಕಂಡಿಲ್ಲ. ಹಾಗೆಯೇ, ಅಷ್ಟು ಮದುವೆಗಳಿಗೆ ಬೆನ್ನು ಮುರಿದು ದುಡಿದ ಅಂಜಿನಕ್ಕ ಒಂದು ಹಂದರದಲ್ಲಾದರೂ ಮುಂದೆ ಬಂದು ನಿಂತದ್ದನ್ನೂ ಕಂಡಿಲ್ಲ. ಅವಳು ಗಂಡ ಸತ್ತವಳು. ಅವಳ ಕೈ ಒಲೆಗೆ ಆಗುತ್ತದೆ, ಅಕ್ಷತೆಗೆ ಆಗುವುದಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು ಅನ್ನುತ್ತಾರೆ. ನಮ್ಮಲ್ಲಿ ಸುಮ್ಮನೆ ಕೂತು ಉಂಡವಳೇ ಎಲ್ಲರಿಗಿಂತ ಮೇಲು.

ಮದುವೆಯಾಗಿ ಬಂದ ಹೊಸದರಲ್ಲೇ ಅವಳ ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ. ಕೆಲವು ವರ್ಷಗಳಲ್ಲಿ ತಂಗಿಯೂ ಬಾಣಂತನದಲ್ಲಿ ತೀರಿಕೊಂಡಳು. ತಂಗಿಯ ಮಗಳು ಅಮೃತಾ ಆಗಿನ್ನೂ ಹಲ್ಲು ಮೂಡದ ಕೂಸು. ತಂದೆ ಬೊಮ್ಮಪ್ಪ ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊರುವವನು ಕೂಸನ್ನು ಎಲ್ಲಿ ಹೊತ್ತಾನು? ಅಂಜಿನಕ್ಕನ ಉಡಿಗೆ ಹಾಕಿ ಹೋದ. ಅಂದಿನಿಂದ ಆ ಹುಡುಗಿಗೆ ಹಸಿವು, ಜ್ವರ, ಸಾಲಿ, ಕಾಲೇಜು ಎಲ್ಲಕ್ಕೂ ಒಲೆಯ ಮುಂದೆ ಕೂತ ಇವಳೇ ಗತಿ. ಅವ್ವ ಎಂದು ಕರೆಯಲು ಮಾತ್ರ ಬಿಡಲಿಲ್ಲ. "ನಿಮ್ಮವ್ವ ಬ್ಯಾರೆ ಅದಾಳ, ಆಕಿ ಹೆಸರು ನಾ ಕಸಗೊಳ್ಳಂಗಿಲ್ಲ. ದೊಡ್ಡವ್ವ ಅನ್ನು," ಎಂದು ಕಲಿಸಿದಳು.

ಅಮೃತಾ ಓದಿ ಹಗರಿಬೊಮ್ಮನಹಳ್ಳಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಹೋದ ವರ್ಷ ತೆಲಿಗಿಯ ಮೌನೇಶ್ ಎಂಬ ಲೈನ್‌ಮನ್ ಹುಡುಗನ ಜೊತೆ ಲಗ್ನ ಗೊತ್ತಾಯಿತು. ಹುಡುಗ ಒಳ್ಳೆಯವನೇ. ಮಾತು ಕಡಿಮೆ, ಹಿರಿಯರೆಂದರೆ ಹೆದರಿಕೆ ಹೆಚ್ಚು.

ಅರಿಶಿನ ಹಚ್ಚುವ ದಿನ ನೆರೆಮನೆಯವನಾದ ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ಹೆಂಗಸರೆಲ್ಲ ಅಮೃತಾಳ ಕೆನ್ನೆಗೆ ಅರಿಶಿನ ತಿಕ್ಕಿ ನಗುತ್ತಿದ್ದರೆ, ಆ ಅರಿಶಿನವನ್ನು ಕುಟ್ಟಿ ಸೋಸಿಕೊಟ್ಟ ಅಂಜಿನಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹುಡುಗಿ ಮೈತುಂಬ ಅರಿಶಿನ ಇಟ್ಟುಕೊಂಡೇ ಹಿತ್ತಲಿಗೆ ನಡೆದಳು. ಅವರ ಮಾತು ಕಟ್ಟೆಯವರೆಗೂ ಕೇಳುತ್ತಿತ್ತು.

"ದೊಡ್ಡವ್ವ, ಅರಿಶಿನಕ್ಕ ಶಾಸ್ತ್ರ ಐತಿ ಅಂತಾರ, ಭೂಮದೂಟಕ್ಕ ಶಾಸ್ತ್ರ ಐತಿ ಅಂತಾರ. ಆಗಲಿ. ರಿಸೆಪ್ಷನ್ನಿನಾಗ ಕೇಕ್ ಕೊಯ್ಯಾಕ ಯಾವ ಶಾಸ್ತ್ರ ಐತಿ? ಅದರ ಮೊದಲ್ನೇ ತುತ್ತು ನಿನ್ನ ಬಾಯಿಗೆ."

"ಅದರಾಗ ತತ್ತಿ ಹಾಕಿರ್ತಾರಂತಲ್ಲಲೇ."

"ತತ್ತಿ ಇಲ್ಲದ್ದ ಹೇಳೀನಿ. ನೀ ಸೋಮವಾರ ಹಿಡಿತಿ, ತತ್ತಿ ಮುಟ್ಟಂಗಿಲ್ಲ ಅಂತ ನಂಗ ಗೊತ್ತಿಲ್ಲೇನು?"

"ಮಂದಿ ಮುಂದ ನಾ ಮ್ಯಾಲ ಹತ್ತಂಗಿಲ್ಲ ನೋಡು."

"ನೀ ಯಾಕ ಹತ್ತತಿ, ನಾ ಎಳಕೊಂಡ ಹೋಗ್ತೀನಿ. ಮೌನೇಶಗೂ ಹೇಳೀನಿ, ಆಗಲಿ ಅಂದಾನ."

ಭೂಮದೂಟ ನಮ್ಮ ಕಡೆಯ ಮದುವೆಯ ದೊಡ್ಡ ಸಂಭ್ರಮ. ಗಂಡುಹೆಣ್ಣನ್ನು ಕೂರಿಸಿ, ಸುತ್ತ ಮುತ್ತೈದೆಯರು ಕೂತು, ಒಂದೇ ತಾಟಿನಲ್ಲಿ ಕಲಸಿ ಒಬ್ಬರಿಗೊಬ್ಬರು ತುತ್ತಿಡುತ್ತಾರೆ. ಸಾಕಿದವಳಿಗೆ ಅಲ್ಲಿ ಜಾಗವಿಲ್ಲ. ಮಗಳ ಕೈತುತ್ತನ್ನು ನಾಲ್ಕು ಮಂದಿಯ ಎದುರು ಉಣ್ಣುವ ಹಕ್ಕು ಅಂಜಿನಕ್ಕನಿಗೆ ಎಲ್ಲಿಯೂ ಇರಲಿಲ್ಲ. ಅದಕ್ಕೇ ಆ ಹುಡುಗಿ ಯಾರ ಬೇಲಿಯೂ ಇಲ್ಲದ ಒಂದು ಗೇಣು ನೆಲ ಹುಡುಕಿದ್ದಳು. ಮರುದಿನ ಅಂಜಿನಕ್ಕ ನೀರು ಹಿಡಿಯುವಾಗ ಮೆಲ್ಲಗೆ ನನ್ನನ್ನು ಕೇಳಿದಳು: "ಅಣ್ಣ, ಆ ಕೇಕ್ ಕೈಯಾಗ ಇಸಗೊಳ್ಳೋದೋ, ಬಾಯಿ ತೆರಿಯೋದೋ?" ಬಾಯಿ ತೆರೆಯೋದು ಎಂದೆ. ಸೆರಗು ಅಡ್ಡ ಹಿಡಿದು ನಕ್ಕಳು.

ಮುಹೂರ್ತದ ಹಿಂದಿನ ಸಂಜೆ ಹಗರಿಬೊಮ್ಮನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್. ಅಮೃತಾ ದೊಡ್ಡವ್ವನನ್ನು ಹಟ ಮಾಡಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದಳು. ನಾನು ಅವಳ ಹಿಂದಿನ ಸಾಲಿನಲ್ಲಿದ್ದೆ. ಮೌನೇಶನ ಗೆಳೆಯ ಪ್ರವೀಣಕುಮಾರ್ ಮೈಕು ಹಿಡಿದು ಒದರುತ್ತಿದ್ದ. ಮೂರು ಅಂತಸ್ತಿನ ಬಿಳಿಯ ಕೇಕನ್ನು ತಂದು ವೇದಿಕೆಯ ಮೇಲಿಟ್ಟರು.

ಆಗ ಎದ್ದು ಬಂದವರು ಮೌನೇಶನ ಸೋದರತ್ತೆ ನಾಗರತ್ನಮ್ಮ. ತೆಲಿಗಿಯ ಆ ಮನೆಯಲ್ಲಿ ಅವರು ಹೂಂ ಅನ್ನದೆ ಎಮ್ಮೆಯೂ ಹಾಲು ಕೊಡುವುದಿಲ್ಲ. ಕೇಕನ್ನು ಸುತ್ತು ಹಾಕಿ ನೋಡಿದರು.

"ಏನೋ ಇದು, ಹಣೀ ಬೋಳು ಇದ್ದಂಗ ಐತಿ. ಶುಭಕಾರ್ಯದಾಗ ಹಿಂಗ ಬೆಳ್ಳಗ ಇಡ್ತಾರೇನು?"

"ಅತ್ತಿ, ಅದು ವೆನಿಲಾ," ಎಂದ ಪ್ರವೀಣಕುಮಾರ್.

"ಯಾವ ನೀಲಾನರ ಇರಲಿ, ಕುಂಕುಮ ತರ್ರಿ."

ತಂದರು. ಕೇಕಿನ ಮೂರು ಅಂತಸ್ತಿಗೂ ಅರಿಶಿನ ಕುಂಕುಮ ಏರಿತು. ಮೇಣದ ಬತ್ತಿ ಊದಿ ಆರಿಸುವುದನ್ನು ಬಿಡಿಸಿ ಹಣತೆ ಹಚ್ಚಿಸಿದರು. ಅದನ್ನು ನಾನೂ ಒಪ್ಪಿದೆ, ಲಗ್ನದ ಮನೆಯಲ್ಲಿ ದೀಪ ಊದುವುದು ಯಾವ ಸೊಗಸು? ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಪ್ಲಾಸ್ಟಿಕ್ ಚಾಕುವಿಗೆ ಅರಿಶಿನದ ದಾರ ಕಟ್ಟಿದರು. ಐದು ಮಂದಿ ಮುತ್ತೈದೆಯರನ್ನು ಹೆಸರು ಹಿಡಿದು ಕರೆದು, ಗಂಡುಹೆಣ್ಣಿನ ಕೈಯ ಮೇಲೆ ಅವರ ಕೈ ಇಡಿಸಿದರು. ಒಬ್ಬಾಕೆ ಸೋಬಾನೆಯನ್ನೂ ಎತ್ತಿದಳು. ಮಂದಿ ಚಪ್ಪಾಳೆ ತಟ್ಟಿತು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುವಂತೆ, ನಿನ್ನೆ ಮೊನ್ನೆ ನಮ್ಮ ಮದುವೆಗಳಿಗೆ ಬಂದ ಕೇಕು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಭೂಮದ ತಾಟಾಗಿ ಕೂತಿತು.

ಕೇಕ್ ಕೊಯ್ದರು. ಅಮೃತಾ ಒಂದು ತುಂಡು ಹಿಡಿದು ಕೆಳಗೆ ನೋಡಿ, "ದೊಡ್ಡವ್ವ, ಬಾ," ಎಂದಳು. ಅಂಜಿನಕ್ಕ ಆಗಲೇ ಎದ್ದಿದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ನಾಗರತ್ನಮ್ಮ ಕೈ ಅಡ್ಡ ಚಾಚಿದರು.

"ನಿಲ್ಲವ್ವ. ಮುತ್ತೈದಿಯರು ಕೈ ಹಚ್ಚಿದ್ದು ಐತಿ ಇದು. ಮೊದಲ್ನೇ ತುತ್ತು ನಿನಗ ಬರಂಗಿಲ್ಲ. ನೀ ಆಮ್ಯಾಲ ಊಟದ ಪಂಕ್ತಿಯಾಗ ತಿನ್ನುವಂತಿ."

ಪ್ರವೀಣಕುಮಾರನ ಮೈಕು ಅಲ್ಲೇ ಅವರ ಬಾಯಿಯ ಹತ್ತಿರ ಇತ್ತು. ಈ ಮಾತು ಮಂಟಪದ ಅಡುಗೆಮನೆಯವರೆಗೆ ಕೇಳಿತು.

ಮೆಟ್ಟಿಲ ಮೇಲೆ ಇಟ್ಟ ಕಾಲು ಅಲ್ಲೇ ಉಳಿಯಿತು. ಬೊಮ್ಮಪ್ಪ ಓಡಿಬಂದು, "ಅಕ್ಕಾ, ಹೋಗ್ಲಿ ಬಿಡು, ಬೀಗರು ಅವರು," ಎಂದ. ಕ್ವಿಂಟಲ್ ಭಾರ ಹೊತ್ತ ಬೆನ್ನಿಗೆ ಒಂದು ಮಾತು ಹೊರುವ ಶಕ್ತಿ ಇರಲಿಲ್ಲ. ಅವನ ಮುಖ ನೋಡಿ ನನಗೆ ಉಗಿಯಬೇಕೆನಿಸಿತು.

ಅಮೃತಾ ಗಂಡನಾಗುವವನ ಕಡೆ ತಿರುಗಿದಳು. "ನೀವು ಆಗಲಿ ಅಂದಿದ್ರಿ."

"ಅತ್ತಿ, ಬರೀ ಕೇಕ್ ಅಲ್ಲೇನು ಅದು," ಎಂದ ಮೌನೇಶ್, ಅವರಿಗೆ ಅಷ್ಟೇ ಕೇಳುವ ದನಿಯಲ್ಲಿ.

"ನಾಳೆ ತಾಳಿ ಕಟ್ಟಾಂವ ನೀನು. ನಿನ್ನ ಆಯುಷ್ಯದ ಮಾತು ಆಡಾಕ ಹತ್ತೀನಿ ನಾನು. ಬಾಯಿ ಮುಚ್ಚು."

ಅವನು ತಲೆ ತಗ್ಗಿಸಿ ಕೈಯ ಚಾಕುವಿನ ದಾರ ತಿರುವತೊಡಗಿದ. ಅಂಜಿನಕ್ಕನಿಗೂ ತಾಗಿದ್ದು ಆ ಆಯುಷ್ಯದ ಮಾತೇ. ಮೆಟ್ಟಿಲಿನಿಂದ ಕಾಲು ತೆಗೆದು ಹಿಂದೆ ಸರಿದಳು. ಆದರೆ ಅಮೃತಾ ಸೀರೆಯ ನಿರಿಗೆ ಎತ್ತಿ ಹಿಡಿದು, ತುಂಡನ್ನು ಕೈಯಲ್ಲಿಟ್ಟುಕೊಂಡು ವೇದಿಕೆ ಇಳಿದೇಬಿಟ್ಟಳು. ನೇರ ಬಂದು ದೊಡ್ಡವ್ವನ ತುಟಿಗೆ ಹಿಡಿದಳು. ಅಂಜಿನಕ್ಕ ಬಾಯಿ ಬಿಗಿದಳು.

"ಬ್ಯಾಡವ್ವ. ನಾಳೆ ಆ ಮನಿಯಾಗ ಒಬ್ಬರು ಸೀನಿದ್ರೂ ನನ್ನ ಬಾಯಿ ತೋರಿಸ್ತಾರ."

"ತೋರಿಸ್ಲಿ. ನಂಗ ಹಲ್ಲು ಬರೋಕಿಂತ ಮುಂಚಿ ರೊಟ್ಟಿ ಅಗಿದು ಬಾಯಿಗಿಟ್ಟಾಕಿ ನೀನು. ಆ ಎಂಜಲಾ ತಿಂದು ಬದುಕೀನಿ. ಅವಾಗ ಸಾಯದಾಕಿ ಈಗ ಸಾಯ್ತೀನೇನು?"

ಅಂಜಿನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ತಲೆ ಎತ್ತಿ ವೇದಿಕೆಯ ಕಡೆ ನೋಡಿದಳು. ಆ ಹೆಂಗಸಿನ ಗಂಟಲಲ್ಲಿ ಅಂಥ ದನಿ ಇದೆಯೆಂದು ಅಷ್ಟು ವರ್ಷ ನೆರೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ.

"ನಾಗರತ್ನಮ್ಮ, ಮಧ್ಯಾಹ್ನ ರೊಟ್ಟಿ ಚಲೋ ಅದಾವ ಅಂತ ಮತ್ತ ಹಾಕಿಸಿಕೊಂಡ್ರಿ. ಅವು ಈ ಕೈಲೆ ತಟ್ಟಿದ್ದು. ಅವಾಗ ನಿಮ್ಮ ಮನಿ ಮಂದಿ ಆಯುಷ್ಯ ಎಲ್ಲಿಗ್ಹೋಗಿತ್ತು? ಒಲಿ ಮುಂದ ಬೇಕಾದಾಕಿ ಬೆಳಕಿನ್ಯಾಗ ಬ್ಯಾಡಾದೆನಾ?"

ಹಾಗೆಂದು ಬಾಯಿ ತೆರೆದಳು. ಅಮೃತಾ ಇಟ್ಟಳು. ಅಂಜಿನಕ್ಕ ಎಲ್ಲರ ಎದುರು ಅಗಿದು ನುಂಗಿ, "ಇಷ್ಟಕ್ಕ ಇಷ್ಟು ಗದ್ದಲಾ? ಬೆಲ್ಲದ ರುಚಿ ಸೈತ ಇಲ್ಲ," ಎಂದಳು.

ಹಿಂದಿನ ಸಾಲಿನ ಹೆಂಗಸರು ನಕ್ಕರು. ವೇದಿಕೆಯ ಮೇಲೆ ಚಾಕು ಹಿಡಿದು ಒಬ್ಬನೇ ಉಳಿದಿದ್ದ ಮೌನೇಶ್ ತಡವಾಗಿಯಾದರೂ ಕೆಳಗಿಳಿದು ಬಂದ. ಅಮೃತಾ ಎರಡನೇ ತುತ್ತು ಅವನಿಗಿಟ್ಟಳು. ನಾಗರತ್ನಮ್ಮ ಆ ಸಂಜೆ ಉಣ್ಣಲಿಲ್ಲ. ಬೆಳಿಗ್ಗೆ ಮುಹೂರ್ತಕ್ಕೆ ದೂರದಿಂದಲೇ ಅಕ್ಷತೆ ಎಸೆದರು.

ಈಗ ಕುದುರಿದ ಮದುವೆಗಳಿಗೆಲ್ಲ ಕೇಕು ಬೇಕು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಎಲ್ಲಿಗೆ ಹೋದರೂ ಕೊಯ್ಯುತ್ತಾರೆ. ಕೊಯ್ಯಲಿ, ಬಾಯಿ ಸಿಹಿಯಾಗುವುದಕ್ಕೆ ನನ್ನ ತಕರಾರಿಲ್ಲ. ಮುಖಕ್ಕೆ ಮೆತ್ತಬೇಡಿ, ಅದು ಅನ್ನಕ್ಕೆ ಮಾಡುವ ಅವಮಾನ. ಮೊದಲ ತುತ್ತು ಯಾರಿಗೆಂದು ಮನೆಯಲ್ಲೇ ಕೂತು ಮಾತಾಡಿಕೊಂಡು ಬನ್ನಿ. ಮಂದಿಯ ಎದುರು, ಮೈಕಿನ ಮುಂದೆ ಒಬ್ಬರ ಬೆಲೆ ಕಟ್ಟಬೇಡಿ. ಆ ತುತ್ತು ಸಾಕಿ ಬೆಳೆಸಿದವರಿಗೆ ಹೋಗಲಿ. ಅವರ ಹಣೆಯಲ್ಲಿ ಏನಿದೆ ಏನಿಲ್ಲ ಎಂದು ನೋಡುವವರು ವೇದಿಕೆಯಿಂದ ಇಳಿದು ಕೂರಲಿ. ಹಳೆಯ ಶಾಸ್ತ್ರಗಳಾದರೂ ಅಜ್ಜ ಮುತ್ತಜ್ಜರ ಹೆಗಲ ಮೇಲಿಂದ ಇಳಿದು ಬಂದವು, ಕಿತ್ತರೆ ನೋವಾಗುತ್ತದೆ ಅನ್ನೋಣ. ನಿನ್ನೆ ಮೊನ್ನೆ ಬಂದದ್ದಕ್ಕೂ ಅದೇ ಮುಳ್ಳಿನ ಬೇಲಿ ಹಾಕುತ್ತೀರಲ್ಲ, ಆ ಮುಳ್ಳನ್ನು ಯಾವ ಅಜ್ಜ ಕೊಟ್ಟ? ನೀವೇ ಹೋಗಿ ಕಡಿದು ತಂದಿರಿ.

ಆದರೂ ನನ್ನ ಸಿಟ್ಟಿನ ಬುಡ ಅದಲ್ಲ. ಮಳೆಗಾಲ ಬಂತು, ತೆಲಿಗಿಯಲ್ಲಿ ಮೌನೇಶನಿಗೆ ಡೆಂಗಿ ಜ್ವರ ಹತ್ತಿತು. ಆ ಓಣಿಯಲ್ಲಿ ಇನ್ನೂ ಹಲವರು ಮಲಗಿದ್ದರು. ಆದರೆ ನಾಗರತ್ನಮ್ಮ ಊರಿಗೆಲ್ಲ ಕೇಕಿನ ಕಥೆ ಹೇಳಿದ್ದು ಬಸ್ಸು ಹತ್ತಿ ಇಟ್ಟಿಗಿಗೂ ಬಂತು. ಅಂಜಿನಕ್ಕ ನನ್ನ ಕಟ್ಟೆಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಅಣ್ಣ, ನೀ ನಾಕು ಬುಕ್ಕು ಓದಿದಾಂವ. ಖರೇ ಹೇಳು. ನಾ ತಿಂದಿದ್ದಕ್ಕ ಹಿಂಗಾಗಿರಬಹುದೇನು?"

ಮಂಟಪ ನಡುಗುವಂತೆ ಮಾತಾಡಿದವಳು ಇವಳೇ. ಇಂಥವಳ ಎದೆಯಲ್ಲೂ ಈ ಸಂಶಯ ಬಿತ್ತಿದ್ದಾರೆ ಪಾಪಿಗಳು. ಅಡ್ಡ ಚಾಚಿದ ಕೈಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

"ಸೊಳ್ಳಿ ಕಚ್ಚಿ ಬಂದ ಜ್ವರ ಅದು," ಎಂದೆ. "ಸೊಳ್ಳಿಗೆ ಮುತ್ತೈದಿ, ಗಂಡ ಇಲ್ಲದಾಕಿ ಅಂತ ಗೊತ್ತಿರ್ತತೇನು? ಸಿಕ್ಕವರನ್ನ ಕಚ್ಚತತಿ. ನಿನ್ನ ಅಳಿಯ ಮಲಗ್ಯಾನ, ನೀ ಇಲ್ಲೇನು ಮಾಡಾಕ ಹತ್ತಿ?"

"ನಾ ಹೋದ್ರ ಬೈತಾರ."

"ಬೈಲಿ. ನಿನಗೂ ಬಾಯಿ ಐತಿ, ಕೇಳೀನಿ ನಾನು."

ಅವಳು ಕೈ ತೊಳೆದುಕೊಂಡು ಮುಂದಿನ ಬಸ್ಸಿಗೆ ಹೋದಳು. ಅಲ್ಲಿ ನಡೆದದ್ದನ್ನು ಅಮೃತಾ ಆಮೇಲೆ ಹೇಳಿದಳು. ನಾಗರತ್ನಮ್ಮ ಬಾಗಿಲಲ್ಲೇ ನಿಂತಿದ್ದರಂತೆ. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅಂಜಿನಕ್ಕ ಚಪ್ಪಲಿ ಬಿಟ್ಟು, "ಸ್ವಲ್ಪ ಸರೀರಿ," ಎಂದು ಅವರನ್ನು ಸರಿಸಿಕೊಂಡು ಒಳಗೆ ಹೋಗಿ, ಅಳಿಯನ ಮಂಚದ ಹತ್ತಿರ ಕೂತು ಅವನ ಹಣೆ ಮುಟ್ಟಿ ನೋಡಿದಳಂತೆ.