ದೀಪ ಹಚ್ಚುವುದರೊಳಗೆ ಬರುವ ದೂರ

ಗೌರೀ, ಅವ್ವನಿಗೆ ಸುಳ್ಳು ಹೇಳಿ ನಿನ್ನನ್ನು ಮುಂಬಯಿಗೆ ಕೊಡಿಸಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಆಮೇಲೆ ನಿನಗೂ ಒಂದು ಸುಳ್ಳು ಹೇಳಿದೆ. ಅದು ಇನ್ನೂ ಕೆಟ್ಟದ್ದು.

ಅವ್ವನ ಹಟ ನಿನಗೆ ಗೊತ್ತು. ಮುಂಜಾನೆ ರೊಟ್ಟಿ ತಿಂದು ಹೊರಟ ಮಗಳು ದೀಪ ಹಚ್ಚುವುದರೊಳಗೆ ತವರು ಸೇರಬೇಕು. ಅದಕ್ಕಿಂತ ದೂರಕ್ಕೆ ಹೆಣ್ಣು ಕೊಡುವುದಿಲ್ಲ. ಅವಳು ಸಾಸ್ವೆಹಳ್ಳಿಯಿಂದ ಜಗಳೂರಿಗೆ ಬಂದವಳು. ತನ್ನ ತಾಯಿ ಸತ್ತಾಗ ಗಾಡಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಖ ಸಿಗಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊನ್ನಾಳಿಯವರ ಸಂಬಂಧ ಬಂತು. ಹುಡುಗನಿಗೆ ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಪೆಟ್ರೋಲು ತುಂಬಿಸುವ ಕೆಲಸ. ಕೊಟ್ಟು ತಂದುಕೊಳ್ಳುವ ಮದುವೆ — ನೀನು ಅವನಿಗೆ, ಅವನ ತಂಗಿ ನನಗೆ. ಅವಳನ್ನು ನಾನು ನೋಡಿದ್ದೆ. ಬೇಕು ಅನ್ನಿಸಿತ್ತು... ಅಷ್ಟೇ.

"ಮುಂಬಯಿ ಎಷ್ಟು ದೂರ ಐತಪ್ಪಾ?" ಅಂದಳು ಅವ್ವ.

"ದೂರ ಯಾಕೆ ಕೇಳ್ತೀಯವ್ವ, ಹೊತ್ತು ಕೇಳು. ಮುಂಜಾನೆ ವಿಮಾನ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಬೆಂಗಳೂರು. ದೀಪ ಹಚ್ಚೋದ್ರೊಳಗೆ ಇಲ್ಲಿರ್ತಾಳೆ. ಅಲ್ಲಿ ಕೆಲಸ ಮಾಡೋರ ಮನೆಯವರಿಗೆ ಟಿಕೆಟ್ಟೂ ಬೇಡ."

ವಿಮಾನದ ಹೊತ್ತು ನಿಜ, ನಿನ್ನ ಗಂಡನೇ ಹೇಳಿದ್ದ. "ಹತ್ತಾಕೆ ಮಾತ್ರ ನಮ್ಮಂಥೋರನ್ನ ಬಿಡಂಗಿಲ್ಲ" ಎಂದೂ ಅವನು ಹೇಳಿದ್ದ. ಅದನ್ನು ನುಂಗಿದೆ. ಬೆಂಗಳೂರಿನಿಂದ ಇಲ್ಲಿಗಿರುವ ದಾರಿಯನ್ನೂ ನುಂಗಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಸುಳ್ಳಿನಲ್ಲಿ ಎರಡು ಮಾಡಿಸಿದ ಜಾಣ!

ಆಮೇಲೆ ಆಕಾಶದಲ್ಲಿ ಸದ್ದಾದಾಗಲೆಲ್ಲ ಅವ್ವ ಅಂಗಳಕ್ಕೆ ಓಡುತ್ತಿದ್ದಳು. ನಾನು ಒಳಗೇ ಇರುತ್ತಿದ್ದೆ.

ಅವಳು ಹಾಸಿಗೆ ಹಿಡಿದಾಗ ನಿನಗೆ ತಂತಿ ಕೊಟ್ಟೆ. ಮರುದಿನ ಮಧ್ಯಾಹ್ನದಿಂದಲೇ ಶುರು — "ಗೌರಿ ಇನ್ನೇನು ಬರ್ತಾಳೆ. ಬಚ್ಚಲೊಲೆಗೆ ಉರಿ ಹಾಕ್ರಿ, ದಣಿದು ಬಂದಿರ್ತಾಳೆ." ಏನೂ ತಿಳಿಯದ ನನ್ನ ಹೆಂಡತಿ ಹಂಡೆ ತುಂಬ ನೀರು ಕಾಯಿಸಿದಳು. ದೀಪ ಹಚ್ಚಿದ್ದಾಯಿತು. ಅವ್ವ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದಳು — "ಇವತ್ತಿನ ವಿಮಾನ ತಪ್ಪಿರಬೇಕು ಬಿಡಪ್ಪಾ." ಬೆಳಗಾಗುವಷ್ಟರಲ್ಲಿ ಹೋದಳು.

ನೀನು ರೈಲು, ಬಸ್ಸು ಹಿಡಿದು ಬಂದಾಗ ಮಣ್ಣಾಗಿ ಒಂದು ದಿನ ಕಳೆದಿತ್ತು.

"ಅವ್ವ ನನ್ನ ಕೇಳಿದ್ಲೇನಣ್ಣಾ?"

ಹೌದು ಅಂದರೆ ಎಲ್ಲವೂ ಹೊರಗೆ ಬೀಳುತ್ತಿತ್ತು. "ಇಲ್ಲ ಗೌರೀ," ಅಂದೆ, "ನಿನ್ನ ಹೆಸರು ಎತ್ತಲಿಲ್ಲ."

ನೀನು ಹನಿ ನೀರೂ ಕುಡಿಯದೆ ಹೊರಟೆ. ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ಮುಂಬಯಿ ಸೇರಿ ಸೊಕ್ಕು ಬಂತು ಅಂದರು ಜನ — ನಾನೂ ತಲೆಯಾಡಿಸಿದೆ. ನಿನಗೆ ಎಷ್ಟು ಸಲ ದ್ರೋಹ ಮಾಡಿದೆನೋ... ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ.

ಕೇಳಿದ್ದಳು, ಗೌರೀ. ಕಡೆಯವರೆಗೂ ನಿನ್ನನ್ನೇ ಕೇಳಿದಳು. ನಿನಗೆಂದು ಕಾಯಿಸಿದ್ದ ನೀರಿನಲ್ಲೇ ಅವಳಿಗೆ ಸ್ನಾನ ಮಾಡಿಸಿದೆವು.