ಗಂಗುಲಮ್ಮ ಹೊರಡದೆ ನಿಂತ ಹತ್ತು ನಿಮಿಷ

ಟಕ್, ಟಕ್, ಟಕ್. ಕೀ ತಿರುಗಿಸಿದಾಗ ಗಾಡಿ ಮೊದಲೆರಡು ಸಲ ನರಳಿತ್ತು. ಆಮೇಲೆ ಬಾನೆಟ್ಟಿನ ಕೆಳಗಿಂದ ಬಂದದ್ದು ಈ ಸದ್ದೊಂದೇ, ಹುಣಸೆಬೀಜವನ್ನು ಕಲ್ಲಿಗೆ ತಟ್ಟಿದ ಹಾಗೆ. ಚನ್ನಕೇಶವ ಕೀಯಿಂದ ಕೈ ತೆಗೆದ.

ಬೆಳಗಿನ ಒಂಬತ್ತೂವರೆ. ಶಿಡ್ಲಘಟ್ಟದ ಸೇವಾ ಸಮಿತಿಯೊಂದರ ಶವವಾಹನವನ್ನು ನಾಲ್ಕು ಜನ ಶೆಡ್ಡಿನಿಂದ ತಳ್ಳಿಕೊಂಡು ಬಂದು ಮುದಸ್ಸಿರನ ಬ್ಯಾಟರಿ ಅಂಗಡಿಯ ಮುಂದೆ ನಿಲ್ಲಿಸಿ ಹೋಗಿದ್ದರು.

“ಸಾಕು ಬಿಡು ಕೇಶವಣ್ಣ,” ಎಂದ ಮುದಸ್ಸಿರ್, ಅಂಗಡಿಯ ಮೆಟ್ಟಿಲ ಮೇಲೆ ನಿಂತು. “ಅದಕ್ಕೂ ವಯಸ್ಸಾಗೈತೆ. ಹಿಂಗೇ ಹೊಡೀತಾ ಇದ್ರೆ ಆ ಬ್ಯಾಟರೀನೂ ನಿನ್ನ ಗಾಡೀಲೇ ಮಲಗಿಸ್ಕೊಂಡು ಹೋಗ್ಬೇಕಾಗ್ತದೆ.”

ಚನ್ನಕೇಶವ ನಗಲಿಲ್ಲ. ಐವತ್ತಮೂರರ ಆತ ಒಂಬತ್ತು ವರ್ಷದಿಂದ ಈ ಗಾಡಿಯ ಡ್ರೈವರ್. ಅದಕ್ಕೆ ಮೊದಲು ಹಾಲಿನ ವ್ಯಾನ್ ಓಡಿಸುತ್ತಿದ್ದ. ಕ್ಯಾನುಗಳು ಕುಲುಕಬಾರದೆಂದು ಕಲಿತ ನಿಧಾನ ಈ ಕೆಲಸಕ್ಕೂ ಜೊತೆಗೆ ಬಂತು. ರಸ್ತೆಯ ಹಂಪುಗಳನ್ನು ಗಾಡಿ ನಿಂತೇಬಿಟ್ಟಿತೇನೋ ಎನ್ನುವಷ್ಟು ಮೆಲ್ಲಗೆ ದಾಟಿಸುತ್ತಾನೆ. “ಹಿಂದಗಡೆ ಇರೋರು ಏನನ್ನೂ ಹಿಡ್ಕೊಳೋಕಾಗಲ್ಲ ಕಣೇ,” ಎಂದು ಹೆಂಡತಿ ಭಾನುಪ್ರಿಯಾಗೆ ಒಮ್ಮೆ ಹೇಳಿದ್ದ. ಅವಳು ಜಗಲಿಯ ಪಕ್ಕದಲ್ಲಿ ಸದಾ ಒಂದು ಬಕೆಟ್ ನೀರು ತುಂಬಿಸಿಟ್ಟಿರುತ್ತಾಳೆ. ಮೈಮೇಲೆ ನೀರು ಹೊಯ್ದುಕೊಳ್ಳದೆ ಆತ ಹೊಸ್ತಿಲು ದಾಟುವುದಿಲ್ಲ. ಸತ್ತವರ ಮನೆಯಲ್ಲಿ ಯಾರು, ಹೇಗೆ, ಎಷ್ಟು ವಯಸ್ಸು ಎಂದು ಕೇಳುವುದಿಲ್ಲ. ಎಲ್ಲಿಗೆ ಎಂದಷ್ಟೇ ಕೇಳುತ್ತಾನೆ.

ಹತ್ತು ದಿನದ ಹಿಂದೆ ಮಾತ್ರ ಆತ ಕೇಳದೆಯೇ ಎಲ್ಲವೂ ಕಿವಿಗೆ ಬಿತ್ತು.

ದಿಬ್ಬೂರಹಳ್ಳಿಯ ಪಕ್ಕದ ಒಂದು ಊರು. ಮೂರು ವರ್ಷ ಹಾಸಿಗೆ ಹಿಡಿದಿದ್ದ ಗಂಗುಲಮ್ಮ ತೀರಿಕೊಂಡಿದ್ದರು. ಶಾಸ್ತ್ರವೆಲ್ಲ ಮುಗಿದು, ಅವರನ್ನು ಗಾಡಿಯೊಳಗೆ ಮಲಗಿಸಿ, ತಮಟೆಯವರು ಮುಂದೆ ಹೊರಟಾಗ ಗಾಡಿ ಸೆಲ್ಫ್ ತೆಗೆದುಕೊಳ್ಳಲಿಲ್ಲ. ಮತ್ತೆ ಮತ್ತೆ ಕೀ ತಿರುಗಿಸಿದ. ತಳ್ಳೋಣವೆಂದರೆ ಮುಂದೆ ಏರು. ತಮಟೆ ನಿಂತಿತು. ಗಂಗುಲಮ್ಮನ ಅಕ್ಕ, ಎಂಬತ್ತರ ಅಕ್ಕಯ್ಯಮ್ಮ, ಗಾಡಿಯ ಗಾಜಿನ ಮೇಲೆ ಕೈಯಿಟ್ಟು ಕೇಳಿದರು:

“ಏಮಮ್ಮಾ, ಎಂದುಕು ಕದಲಡಂ ಲೇದು? ಯಾಕಮ್ಮಾ ಹೊರಡ್ತಿಲ್ಲ? ಯಾರ ಮೇಲೆ ಸಿಟ್ಟು ನಿಂಗೆ?”

ಆ ಪ್ರಶ್ನೆ ಗುಂಪಿನೊಳಗೆ ಒಂದು ಸುತ್ತು ಹೋಗಿಬಂತು. ಬಂದದ್ದು ಕಿರಿಯ ಸೊಸೆ ಕವಿತಳ ಹತ್ತಿರ ನಿಂತಿತು. ಮೂರು ವರ್ಷ ಅತ್ತೆಯ ಬಾಯಿಗೆ ಗಂಜಿ ಹಾಕಿ, ಬಟ್ಟೆ ಬದಲಿಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದವಳು ಅವಳು. ಹತ್ತಿರ ಇದ್ದವಳೇ ನೋಯಿಸಿರಬೇಕು ಎಂದು ಜನರಿಗೆ ಅನಿಸಿತು. ದೂರ ಇದ್ದವರಿಗೆ ನೋಯಿಸಲು ಸಮಯವಾದರೂ ಎಲ್ಲಿತ್ತು?

“ಬಾಮ್ಮ, ಅಡ್ಡ ಬೀಳು. ತಪ್ಪಾಯ್ತು ಅಂತ ಅನ್ನು,” ಎಂದರು ಅವಳನ್ನು ಒಳಗಿನಿಂದ ಕರೆತಂದ ಹಿರಿಯರು.

ಕವಿತ ಗಾಡಿಯ ಮುಂದೆ ಮಣ್ಣಿನಲ್ಲಿ ಬೋರಲಾಗಿ ಬಿದ್ದಳು. “ತಪ್ಪಾಯ್ತು ಅತ್ತೆ,” ಎಂದಳು. ಎದ್ದು ಪಕ್ಕಕ್ಕೆ ಸರಿದಳು. ಚನ್ನಕೇಶವ ಇನ್ನೊಂದು ಸಲ ಕೀ ತಿರುಗಿಸಿದ. ಎಂಜಿನ್ ಎದ್ದಿತು.

“ಗಂಗುಲಮ್ಮ ಒಪ್ಕೊಂಡ್ಲಪ್ಪಾ!” ಎಂದರು ಯಾರೋ. ಜನ ಕೈ ಮುಗಿದರು. ಸ್ಟೀರಿಂಗ್ ಹಿಡಿದಿದ್ದ ಚನ್ನಕೇಶವನ ತೋಳಿನ ಮೇಲೂ ರೋಮ ನಿಂತಿತ್ತು. ಒಂದು ವಾರದಿಂದ ಹೆಡ್‌ಲೈಟ್ ಮಂಕಾಗಿದ್ದು ಆತನಿಗೆ ಗೊತ್ತಿತ್ತು. ಬರುವ ವಾರ ತೋರಿಸಿದರಾಯಿತು ಎಂದುಕೊಂಡಿದ್ದ. ಬ್ಯಾಟರಿ ವೀಕು ಎಂಬ ಎರಡು ಮಾತು ನಾಲಿಗೆಯ ಮೇಲೆ ಬಂದಿತ್ತು. ಆದರೆ ಅವಳು ತಪ್ಪಾಯ್ತು ಎಂದ ಮೇಲೇ ಗಾಡಿ ಎದ್ದದ್ದನ್ನು ಆತನೂ ಕಣ್ಣಾರೆ ನೋಡಿದ್ದ. ಹೇಳಲಿಲ್ಲ. ಮಾರನೇ ದಿನ ಬ್ಯಾಟರಿಗೆ ಚಾರ್ಜ್ ಹಾಕಿಸಿಕೊಂಡು ಸುಮ್ಮನಾದ.

ನಿನ್ನೆ ರೇಷ್ಮೆಗೂಡಿನ ಮಾರುಕಟ್ಟೆಯ ಹೊರಗೆ ಕವಿತಳ ಗಂಡ ಮೋಹನ್‌ಬಾಬು ಸಿಕ್ಕಿದ್ದ. ಗಡ್ಡ ತೆಗೆದಿರಲಿಲ್ಲ.

“ನಾಳೆ ಹನ್ನೊಂದನೇ ದಿನ ಅಣ್ಣ. ಮಧ್ಯಾಹ್ನ ಎಡೆ ಇಡೋದು. ಕವಿತ ಎಡೆ ಮುಟ್ಬಾರ್ದು ಅಂದವ್ರೆ ದೊಡ್ಡೋರು. ಅಮ್ಮಂಗೇ ಅವಳ ಮೇಲೆ ಸಿಟ್ಟಿತ್ತಲ್ಲ ಅಂತ.”

“ಕವಿತಮ್ಮ ಏನಂದ್ರು?”

“ಏನಂತಾಳೆ? ಸರಿ ಅಂದ್ಲು. ಯಾವತ್ತೋ ಒಂದಿನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬರೋದ್ರಲ್ಲಿ ಅಮ್ಮಂಗೆ ಊಟ ತಡ ಆಗಿತ್ತಂತೆ. ಅದೇ ಇರ್ಬೇಕು ಅಂತಾಳೆ. ದಿನಾ ಒಂದೊಂದು ಹುಡುಕ್ತಾಳಣ್ಣ. ಒಂದಿನ ಜೋರಾಗಿ ಬಾಗ್ಲು ಹಾಕಿದ್ದೆ, ಅದಿರಬೌದಾ ಅಂತಾಳೆ.”

ಆಗಲೂ ಚನ್ನಕೇಶವ ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಗಾಡಿ ಮತ್ತೆ ಏಳದಿದ್ದಾಗ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದ. ಹೊಸ ಬ್ಯಾಟರಿ ಹಾಕಿಸು, ಜೊತೆಗೆ ಬ್ಯಾಟರಿ ಕೈಕೊಟ್ಟಾಗ ಗಾಡಿ ಎಬ್ಬಿಸೋ ಒಂದು ಜಂಪ್ ಸ್ಟಾರ್ಟರ್ ನೋಡಿ ತಗೋ, ಇನ್ಯಾರ ಮನೆ ಮುಂದೇನೂ ಹಾಗಾಗೋದು ಬೇಡ ಎಂದರು ಅವರು.

ಮುದಸ್ಸಿರ್ ಒಳಗಿನಿಂದ ಎರಡು ಡಬ್ಬ ತಂದು ಟೇಬಲ್ಲಿನ ಮೇಲಿಟ್ಟ. ಎರಡೂ ಒಂದು ದಪ್ಪ ಪುಸ್ತಕದಷ್ಟಿದ್ದವು. ಕೆಂಪು, ಕಪ್ಪು ಎರಡೆರಡು ಕ್ಲಿಪ್ಪು. ಟೀ ಬಂತು.

“ಇದು ಚಿಕ್ಕದು, ಪೆಟ್ರೋಲ್ ಕಾರಿಗಾದ್ರೆ ಸಾಕು. ನಿಂದು ಡೀಸೆಲ್ಲು, ಏಳ್ಬೇಕಾದ್ರೆ ಜಾಸ್ತಿ ಕರೆಂಟ್ ಎಳೀತದೆ. ಡಬ್ಬದ ಮೇಲೆ ಎರಡು ಸಾವಿರ ಆಂಪ್ ಅಂತ ಬರ್ದಿರ್ತಾರೆ, ಅದ್ನ ನಂಬ್ಬೇಡ. ಅದು ಕಣ್ಣು ಮಿಟುಕಿಸೋಷ್ಟು ಹೊತ್ತಿನ ಲೆಕ್ಕ. ಎಷ್ಟು ದೊಡ್ಡ ಡೀಸೆಲ್ ಎಂಜಿನ್ನಿಗೆ ಆಗ್ತದೆ ಅಂತ ಒಳಗಿನ ಚೀಟೀಲಿ ಇರ್ತದೆ, ಅದ್ನ ನೋಡ್ಬೇಕು. ಈ ದೊಡ್ಡದು ಆಗ್ತದೆ. ಟಾರ್ಚ್ ಐತೆ, ಕೆಂಪು ನೀಲಿ ಲೈಟ್ ಮಿಣಮಿಣ ಅಂತದೆ, ಸೈರನ್ ಐತೆ...”

“ಸದ್ದು ಮಾಡ್ತದಾ?”

“ಮಾಡ್ತದಣ್ಣ! ಪಾರ್ಟಿ ಇದ್ದಂಗೈತೆ.”

“ಸದ್ದು ಮಾಡ್ದೆ ಇರೋದು ಕೊಡು. ಅಳ್ತಿರೋರ ಮನೆ ಮುಂದೆ ತೆಗೀಬೇಕು ನಾನು ಅದ್ನ.”

ಮುದಸ್ಸಿರ್ ಆ ಡಬ್ಬವನ್ನು ಪಕ್ಕಕ್ಕಿಟ್ಟು ಒಳಗೆ ಹೋಗಿ ಇನ್ನೊಂದು ತಂದ. ಬರೀ ಕಪ್ಪಗಿತ್ತು, ಒಂದೇ ಗುಂಡಿ.

“ಇದು ಮೂಗ. ಕ್ಲಿಪ್ಪು ತಿರುಗಾ ಮುರುಗಾ ಹಾಕಿದ್ರೆ ಮಾತ್ರ ಬೀಪ್ ಅಂತದೆ, ಅಷ್ಟೇ. ಡೀಸೆಲ್‌ಗೂ ಆಗ್ತದೆ. ಎರಡು ತಿಂಗಳಿಗೊಂದ್ಸಲ ಚಾರ್ಜ್ ಹಾಕು, ಬಿಸಿಲಲ್ಲಿ ಗಾಡಿ ಒಳಗೆ ಬಿಡ್ಬೇಡ. ಬಾ, ನಿನ್ನ ಗಾಡಿಗೇ ಹಾಕಿ ತೋರಿಸ್ತೀನಿ.”

ಚನ್ನಕೇಶವ ಹೋಗಿ ಸೀಟಿನಲ್ಲಿ ಕುಳಿತ. ಮುದಸ್ಸಿರ್ ಬಾನೆಟ್ ಎತ್ತಿ, ಕ್ಲಿಪ್ಪುಗಳ ವೈರು ಬಿಡಿಸುತ್ತ ನಿಂತ. ಸುಮ್ಮನೆ, ಕೈಯ ಅಭ್ಯಾಸಕ್ಕೆ, ಚನ್ನಕೇಶವ ಕೀ ತಿರುಗಿಸಿದ.

ಎಂಜಿನ್ ಎದ್ದಿತು.

ಅವನು ಬೆಚ್ಚಿ ಕೀಯನ್ನು ಹಿಂದಕ್ಕೆ ತಿರುಗಿಸಿದ. ಗಾಡಿ ತಣ್ಣಗಾಯಿತು. “ನೀನು ಹಾಕಿದ್ಯಾ ಕ್ಲಿಪ್ಪು?”

ಮುದಸ್ಸಿರ್ ಎರಡೂ ಕ್ಲಿಪ್ಪುಗಳನ್ನು ಗಾಳಿಯಲ್ಲಿ ಎತ್ತಿ ತೋರಿಸಿದ. “ಎಲ್ಲಿ ಹಾಕ್ದೆ? ನಿಂದೇ ಬ್ಯಾಟರಿ ಅದು.”

“ಅದು ಆಗ ಎದ್ದೇ ಇರ್ಲಿಲ್ವಲ್ಲ.”

“ಆಗ ಸುಸ್ತಾಗಿತ್ತು. ಈಗ ಟೀ ಕುಡಿಯೋಷ್ಟು ಹೊತ್ತು ಬಿಟ್ಟಿದೀವಿ. ಸಾಯೋ ಬ್ಯಾಟರಿ ಹಂಗೇ ಅಣ್ಣ. ಹತ್ತು ನಿಮಿಷ ಸುಮ್ನೆ ಬಿಟ್ರೆ ಇರೋಬರೋ ಶಕ್ತಿ ಕೂಡಿಸ್ಕೊಂಡು ಒಂದ್ಸಲ ಎದ್ದೇಳ್ತದೆ. ಇನ್ನೊಂದ್ಸಲ ಕೇಳಿದ್ರೆ ಇಲ್ಲ.”

ಚನ್ನಕೇಶವ ಕೆಳಗಿಳಿದು ಬಾಗಿಲು ಹಿಡಿದು ನಿಂತ. ಅಕ್ಕಯ್ಯಮ್ಮ ಗಾಜು ಮುಟ್ಟಿದ್ದು, ಜನ ಗುಸುಗುಸು ಎಂದದ್ದು, ಕವಿತಳನ್ನು ಒಳಗಿನಿಂದ ಕರೆತಂದದ್ದು, ಅವಳು ಬಿದ್ದು ಎದ್ದದ್ದು. ಎಲ್ಲ ಸೇರಿ ಹತ್ತು ನಿಮಿಷವಾಗಿತ್ತು. ಅಷ್ಟೂ ಹೊತ್ತು ಆತ ಕೀ ಮುಟ್ಟಿರಲಿಲ್ಲ.

“ಮುದಸ್ಸಿರ್, ಆ ಹತ್ತು ನಿಮಿಷದಲ್ಲಿ ಯಾರೂ ಏನೂ ಹೇಳ್ದೆ ಇದ್ರೂ... ಎದ್ದೇಳ್ತದಾ?”

“ಬ್ಯಾಟರಿಗೆ ಕಿವಿ ಐತಾ ಅಣ್ಣ?” ಎಂದು ಮುದಸ್ಸಿರ್ ನಕ್ಕ. ಮತ್ತೆ ಬಾನೆಟ್ಟಿನ ಕೆಳಗೆ ಬಗ್ಗಿ, ಟರ್ಮಿನಲ್ಲಿನ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದ. “ಇದು ಒಂದು ದಿನದ ಕತೆ ಅಲ್ಲ. ಮುಂಚೇನೇ ಲೈಟ್ ಮಂಕಾಗಿರ್ಬೇಕಲ್ಲ ನಿಂಗೆ? ಆವಾಗ್ಲೇ ಯಾಕೆ ಹೇಳ್ಲಿಲ್ಲ?”

ಚನ್ನಕೇಶವ ಅಂಗಡಿಯ ಗೋಡೆಯ ಗಡಿಯಾರ ನೋಡಿದ. ಒಂಬತ್ತೂ ಐವತ್ತು. ಈಗ ಆ ಮನೆಯಲ್ಲಿ ಒಲೆ ಹತ್ತಿಸಿರುತ್ತಾರೆ. ಗಂಗುಲಮ್ಮನಿಗೆ ಏನೇನು ಇಷ್ಟವೋ ಎಲ್ಲ ಬೇಯುತ್ತಿರುತ್ತದೆ. ಯಾವುದು ಎಷ್ಟು ಮೆತ್ತಗಿರಬೇಕು, ಯಾವುದಕ್ಕೆ ಉಪ್ಪು ಕಡಿಮೆ ಎಂದು ಗೊತ್ತಿರುವವಳು ಹೊರಗಡೆ ಎಲ್ಲೋ ಕುಳಿತು ಇನ್ನೊಂದು ತಪ್ಪು ಹುಡುಕಿಕೊಳ್ಳುತ್ತಿರುತ್ತಾಳೆ. ಹತ್ತು ಗಂಟೆಗೆ ದಿಬ್ಬೂರಹಳ್ಳಿ ಕಡೆಗೆ ಬಸ್ಸಿದೆ, ಎಡೆ ಇಡುವುದರೊಳಗೆ ಹೋಗಿ ಹೇಳಬಹುದು. ಈ ಗಾಡಿಯಲ್ಲಿ ಆ ಬಾಗಿಲಿಗೆ ಹೋಗುವಂತಿಲ್ಲ.

ಆತ ಕೀಯನ್ನು ಟೇಬಲ್ಲಿನ ಮೇಲಿಟ್ಟ.

“ಈ ಮೂಗಂದೇ ಇರ್ಲಿ ಅಲ್ವಾ? ಗ್ಯಾರಂಟಿ ಒಂದು ವರ್ಷ,” ಎನ್ನುತ್ತಿದ್ದ ಮುದಸ್ಸಿರ್, ಬಾನೆಟ್ಟಿನೊಳಗೆ ತಲೆಯಿಟ್ಟೇ. “ಬಿಲ್ಲು ಸಮಿತಿ ಹೆಸರಿಗಾ, ನಿನ್ನ ಹೆಸರಿಗಾ? ಬ್ಯಾಟರೀದು ಬೇರೆ ಬರೀತೀನಿ. ಹಳೇದನ್ನ ಏನ್ಮಾಡ್ಲಿ, ಬೇಕಾ ನಿಂಗೆ? ಕೇಶವಣ್ಣ?”

ಚನ್ನಕೇಶವ ಆಗಲೇ ರಸ್ತೆ ದಾಟಿ, ಬಸ್ ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆಯುತ್ತಿದ್ದ.