ಸೀಟು ಹಿಡಿಯಲು ಭಾಲ್ಕಿಗೆ ಹೋದದ್ದು

ಔರಾದಿಗೆ ಬಂದ ಮೊದಲ ದಿನ, ರೈಲ್ವೆ ಸ್ಟೇಷನ್ ಯಾವ ಕಡೆ ಎಂದು ಬಸ್ ನಿಲ್ದಾಣದ ಚಹಾ ಅಂಗಡಿಯವರನ್ನು ಕೇಳಿದೆ. ಅವರು ದಿಕ್ಕು ತೋರಿಸುವ ಬದಲು ಕುರ್ಚಿ ತೋರಿಸಿದರು. ಕೂತು ಚಹಾ ಕುಡಿದ ಮೇಲೆ ನಿಧಾನವಾಗಿ ತಿಳಿಸಿದರು: ಈ ಊರಿಗೆ ರೈಲೇ ಇಲ್ಲ, ಬೇಕಾದರೆ ಬಸ್ಸು ಹತ್ತಿ ಬೀದರಿಗೋ ಭಾಲ್ಕಿಗೋ ಹೋಗಬೇಕು. ಕೆಟ್ಟ ಸುದ್ದಿಯನ್ನು ನಿಂತುಕೊಂಡು ಕೇಳಬಾರದು ಎನ್ನುವ ಮರ್ಯಾದೆ ಇಲ್ಲಿಯದು. ನಾನೋ ಮದ್ದೂರಿನವಳು, ಹಗಲೂ ರಾತ್ರಿ ರೈಲಿನ ಕೂಗು ಕೇಳಿ ಬೆಳೆದವಳು. ಇನ್ನೊಂದು ಚಹಾ ಹೇಳಿದೆ.

ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ, ಇಲ್ಲಿನ ಪಶು ಆಸ್ಪತ್ರೆಯಲ್ಲಿ. ಬಿಡುವ ಹಾಗಿಲ್ಲ. ವರ್ಗಾವಣೆ ಕೇಳುವ ಕಾಲವೂ ಇನ್ನೂ ಬಂದಿಲ್ಲ. ಮಗಳು ಚಿನ್ನು ಮದ್ದೂರಿನಲ್ಲಿ ನನ್ನ ಅಕ್ಕನ ಹತ್ತಿರ ಓದುತ್ತಿದ್ದಾಳೆ.

ರೂಮು ಬೇಕೆಂದು ಅಲೆದೆ. ಇಲ್ಲಿ ಖೋಲಿ ಎನ್ನಬೇಕಂತೆ. ಶರಣಮ್ಮಕ್ಕನ ಮನೆಯ ಹಿಂದಿನ ಖೋಲಿ ಸಿಕ್ಕಿತು. ನಮ್ಮ ಕಡೆ ಮುದ್ದೆ ನುಂಗಿದರೆ ಮುಗಿಯಿತು, ಇಲ್ಲಿ ಜೋಳದ ರೊಟ್ಟಿ ಅಗಿಯಬೇಕು. ಮೊದಲ ತಿಂಗಳೆಲ್ಲ ದವಡೆ ನೋವು. ಇವರು ಮಾತುಮಾತಿಗೂ 'ರಿ' ಹಚ್ಚುವವರು. ನನ್ನ ಮಾತು ಜಗಳಕ್ಕೆ ಬಂದವಳ ಹಾಗೆ ಕೇಳಿಸುತ್ತದೆ ಎಂದು ಶರಣಮ್ಮಕ್ಕನೇ ಒಮ್ಮೆ ಹೇಳಿ ನಕ್ಕಿದ್ದರು. ಈಗ ಆ 'ರಿ' ನನಗೂ ಅಂಟಿದೆ, ಊರಿಗೆ ಹೋದಾಗ ಅಕ್ಕ ಅಣಕಿಸುತ್ತಾಳೆ.

ಹೀಗಿರುವಾಗ ಬೆಂಗಳೂರಿಗೆ ವಾರಕ್ಕೊಮ್ಮೆ ಹೊಸ ರೈಲು ಬಂತು. ಮಹಾರಾಷ್ಟ್ರದ ಕಡೆಯಿಂದ ಹೊರಟು, ಭಾಲ್ಕಿ ದಾಟಿ, ಬೀದರಿಗೆ ಬಂದು ದಕ್ಷಿಣಕ್ಕೆ ತಿರುಗುವ ಗಾಡಿ. ಬೀದರಿನಲ್ಲಿ ಜನರಲ್ ಡಬ್ಬಿಗೆ ನುಗ್ಗುವ ಪಾಡು ಯಾರಿಗೂ ಬೇಡ. ಒಮ್ಮೆ ಬೆಂಗಳೂರಿನವರೆಗೂ ನಿಂತೇ ಹೋಗಿ ಬಂದ ನನ್ನ ಊದಿದ ಕಾಲು ನೋಡಿ ಶರಣಮ್ಮಕ್ಕ ಗದರಿದರು: "ಬೀದರಿಗಿ ಯಾಕ ಹೋದ್ರಿ? ಭಾಲ್ಕಿಗಿ ಹೋಗ್ರಿ, ಕುಂತು ಹೋಗ್ತೀರಿ." ಇಲ್ಲಿಯ ಪದ್ಧತಿಯೇ ಅದು. ಬೀದರಿನವರು, ಅದರ ಪಕ್ಕದ ಕೊಳಾರದ ಕಾರ್ಖಾನೆಗಳ ಕೆಲಸಗಾರರು, ಎಲ್ಲರೂ ಬಸ್ಸಿನಲ್ಲಿ ಹಿಂದಕ್ಕೆ ಭಾಲ್ಕಿಗೆ ಹೋಗಿ, ಗಾಡಿ ನಿಲ್ಲುತ್ತಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ನಾನೂ ಕಲಿತೆ. ಮೊದಲ ಸಲ ಟವೆಲ್ ಎಸೆದು ಕಿಟಕಿ ಪಕ್ಕದ ಸೀಟು ಗೆದ್ದಾಗ, ಅಂತೂ ಈ ಊರಿನವಳಾದೆ ಎಂದು ಹಿಗ್ಗಿದ್ದೆ.

ಮೊನ್ನೆ ಊರಿಗೆ ಹೋಗಲೇಬೇಕಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಚಿನ್ನು ಮೊದಲ ಸಲ ಕುಣಿಯುವವಳಿದ್ದಳು. ಮೊಗ್ಗಿನ ಜಡೆ ನೀನೇ ಹಾಕಬೇಕು ಎಂದು ಫೋನಿನಲ್ಲೇ ಆಣೆ ಮಾಡಿಸಿಕೊಂಡಿದ್ದಳು. ರಜೆ ಹತ್ತಿರವಿದ್ದುದರಿಂದ ಬಸ್ಸುಗಳೆಲ್ಲ ಭರ್ತಿ, ಉಳಿದದ್ದು ಈ ಗಾಡಿಯೊಂದೇ. ಹೋದ ತಿಂಗಳಷ್ಟೇ ಹಾಸನದಿಂದ ಬಂದ ನಮ್ಮ ಡಾಕ್ಟರೂ ಅದರಲ್ಲೇ ಹೊರಟಿದ್ದರು. ಭಾಲ್ಕಿಯ ಉಪಾಯ ಹೇಳಿಕೊಟ್ಟೆ. ಮುಂದೆ ಹೋಗುವವರು ಹಿಂದಕ್ಕೆ ಯಾಕೆ ಹೋಗಬೇಕು ಎಂದು ನಕ್ಕು ಅವರು ಬೀದರಿನ ಬಸ್ಸು ಹತ್ತಿದರು. ಪಾಪ, ಹೊಸಬರು, ನಿಂತೇ ಹೋಗಲಿ ಎಂದುಕೊಂಡೆ.

ಭಾಲ್ಕಿಯಲ್ಲಿ ಪ್ಲಾಟ್‌ಫಾರ್ಮ್ ತುಂಬ ಜಾಣರೇ. ಹೊತ್ತು ಮೀರಿದರೂ ಗಾಡಿಯ ಸುಳಿವಿಲ್ಲ. ಭರೋಸೆಯಿಲ್ಲದ ಗಾಡಿ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಒಬ್ಬರು, ಇಷ್ಟಾದರೂ ಬಂತಲ್ಲ ಎಂದು ಇನ್ನೊಬ್ಬರು. ಪಕ್ಕದಲ್ಲಿ ಸಾಯಗಾಂವ ಎಂಬ ಹಳ್ಳಿಯ, ಕುರಿ ಸಾಕುವ ಹಿರಿಯರೊಬ್ಬರು ಕೂತಿದ್ದರು. "ಮೊದಲೆಲ್ಲಾ ಗಾಡಿ ಇರ್ಲಿಲ್ರಿ, ಖರೇ," ಎಂದರು. "ಆದರ ಹಿಂಗ ಕಾಯೋದೂ ಇರ್ಲಿಲ್ಲ." ಆದರೂ ಯಾರೂ ಏಳಲಿಲ್ಲ. ಎದ್ದರೆ ಸೀಟು ಹೋಗುತ್ತದಲ್ಲ!

ಕೊನೆಗೆ ಘೋಷಣೆಯಾಯಿತು. ಬರಬೇಕಾದ ಗಾಡಿ ಬಹಳ ತಡ. ಹಾಗಾಗಿ ಇವತ್ತು ಬೇರೆ ಡಬ್ಬಿಗಳನ್ನು ಜೋಡಿಸಿ ಬೀದರಿನಿಂದಲೇ ಸರಿಯಾದ ಸಮಯಕ್ಕೆ ಹೊರಡಿಸುತ್ತಾರೆ. ಬಸ್ಸು ಹಿಡಿದು ಬೀದರಿಗೆ ಓಡಿದರೂ ಗಾಡಿ ಸಿಗದಷ್ಟು ಹೊತ್ತಾಗಿತ್ತು. ಅಷ್ಟರಲ್ಲಿ ಡಾಕ್ಟರ ಸಂದೇಶ: ಡಬ್ಬಿ ಅರ್ಧ ಖಾಲಿ, ನಿಮಗೂ ಸೀಟು ಹಿಡಿದಿದ್ದೇನೆ, ಎಲ್ಲಿದ್ದೀರಿ?

ಕಣ್ಣೆದುರು ಹಳಿ ನೆಟ್ಟಗೆ ಬಿದ್ದುಕೊಂಡಿತ್ತು. ಹೊರಗಿನಿಂದ ಚಿಲಕ ಹಾಕಿದ ಖೋಲಿಯಲ್ಲಿ ನಿಂತ ಹಾಗಾಯಿತು ನನಗೆ. ಸಿಟ್ಟು, ಅಳು, ಎರಡೂ ಒಟ್ಟಿಗೇ ಬಂತು. ಚಿನ್ನುವಿಗೆ ಫೋನು ಮಾಡಿದೆ. ಗಾಡಿ ತಪ್ಪಿತು, ನಾಳೆ ಬರಲಾಗುವುದಿಲ್ಲ ಎಂದೆ.

"ಸರಿ ಬುಡಮ್ಮ," ಎಂದಳು. "ದೊಡ್ಡಮ್ಮಂಗೂ ಜಡೆ ಹಾಕಕ್ಕೆ ಬತ್ತದೆ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

ಶರಣಮ್ಮಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಅಲ್ಲೇ ಬಿಚ್ಚಿ ಹಿರಿಯರಿಗೂ ಕೊಟ್ಟೆ, ನಾನೂ ತಿಂದೆ. ದವಡೆ ನೋಯಲಿಲ್ಲ. ಹೊಸಬಳಾಗಿಯೇ ಉಳಿದಿದ್ದರೆ ಬೀದರಿಗೆ ಹೋಗಿ ನಿಂತಿರುತ್ತಿದ್ದೆ, ನಾಳೆ ಮಗಳ ತಲೆ ಬಾಚುತ್ತಿದ್ದೆ. ಹಿರಿಯರು ಕೈ ತೊಳೆದು ಎದ್ದರು.

"ಮುಂದಿನ ವಾರ ಇಲ್ಲಿಗೇ ಬರ್ರಿ ತಂಗೀ. ನಿಮಗೂ ಒಂದು ಜಾಗಾ ಹಿಡಿತೇನಿ."

"ಬರ್ತೇನ್ರಿ," ಎಂದುಬಿಟ್ಟೆ. ಬೀದರಿಗೆ ಹೋಗುತ್ತೇನೆ ಎನ್ನಲು ನಾಲಿಗೆ ಏಳಲೇ ಇಲ್ಲ.